ಶನಿವಾರದ ತನಕ ಹಾಜರಿ

“ಕೆರಿ ಅದನ್ನ! ಬ್ಲೇಡ ಕೊಟ್ಟ ಎಷ್ಟೊತ್ತಾತು? ಕೈ ಮರಗಟ್ಟ್ಯಾವೇನ ನಿನ್ನೂ, ಕುರಿ ಕಾಯವನ ಮಗಳ?”

ಸಾಲೆಯಲ್ಲಿದ್ದದ್ದು ಒಂದೇ ಕುರ್ಚಿ. ಸಾಲೆ ಕಮಿಟಿಯ ಚೇರ್ಮನ್ ಬಸಗೊಂಡಪ್ಪಗೌಡ ಅದರಲ್ಲಿ ಕಾಲು ಮಡಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಪಾಠ ಕಲಿಸುವ ಅಕ್ಕೋರು ಹೊಳೆವ್ವ ಹಾಜರಿ ಪುಸ್ತಕ, ಅವನು ಕೊಟ್ಟ ಬ್ಲೇಡು ಹಿಡಿದು ಅವನ ಮುಂದೆ ನಿಂತಿದ್ದಳು.

ಮೂರನೇ ಇಯತ್ತೆಯಲ್ಲಿ ಓದುತ್ತಿದ್ದ ಪರಸವ್ವ ಮಂಗಳವಾರ ಮಧ್ಯಾಹ್ನ ಗೌಡನ ಹೊಲದ ಬಾವಿಯಲ್ಲಿ ಸತ್ತಿದ್ದಳು. ಬುಧವಾರ ಹೊತ್ತು ಏರುವ ಮೊದಲೇ ಗೌಡ ನಿಂತು ಮಣ್ಣು ಮಾಡಿಸಿದ್ದ. ಇವತ್ತು ಗುರುವಾರ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಶನಿವಾರದ ತನಕ ‘ಹಾ’ ಇತ್ತು.

ಹತ್ತಿ ಬಿಡಿಸುವ ಹದಿನೈದು ದಿನ ಸಾಲೆಯ ನಲವತ್ತು ಮಕ್ಕಳೂ ಗೌಡನ ಹೊಲದಲ್ಲಿರುತ್ತಿದ್ದವು. ಖಾಲಿ ಸಾಲೆಯಲ್ಲಿ ಕೂತು ಹೊಳೆವ್ವ ಅಷ್ಟೂ ದಿನದ ಹಾಜರಿಯನ್ನು ಮೊದಲ ದಿನವೇ ಒಮ್ಮೆಲೇ ತುಂಬಿಬಿಡುತ್ತಿದ್ದಳು. ಇದು ಮೂರನೇ ವರ್ಷ.

ಧಾರವಾಡದಲ್ಲಿ ಅವಳು ಬಿ.ಎ. ಓದಿದ್ದು ಸರ್ಕಾರ ಕೊಟ್ಟ ಸಾಲದಲ್ಲಿ. ಯಾರೂ ಬರಲೊಲ್ಲದ ಊರಿಗೆ ಹೋಗಿ ಕಲಿಸಿದರೆ ವರ್ಷಕ್ಕೆ ಹತ್ತರಲ್ಲೊಂದು ಪಾಲು ಮಾಫಿ. ತಿಕೋಟಾದ ಬಸ್ಸಿಳಿದು ಕರಿನೆಲದಲ್ಲಿ ಮೂರು ಮೈಲಿ ನಡೆಯಬೇಕಾದ ಈ ಊರಿಗೆ ಅವಳು ಹಾಗೆ ಬಂದಿದ್ದಳು. ಮಾರ್ಚ್ ಮುಗಿಯುವುದರೊಳಗೆ ಒಂದು ಕಾಗದ ವಿಜಾಪುರಕ್ಕೆ ಹೋಗಬೇಕು: ಇವರು ವರ್ಷಪೂರ್ತಿ ಸಾಲೆ ನಡೆಸಿದ್ದಾರೆ ಎಂದು ಚೇರ್ಮನ್ನರ ಸಹಿ. ಹೋಗದಿದ್ದರೆ ಸಾಲ ವಸೂಲಿಯ ನೋಟೀಸು ಅವಳ ಊರು ಭೂತನಾಳಕ್ಕೆ, ಜಾಮೀನು ನಿಂತ ಅಪ್ಪ ಅಮೋಘಿಯ ಹೆಸರಿಗೆ. ಅವನಿಗಿದ್ದದ್ದು ಮೂವತ್ತು ಕುರಿ.

ಮೊದಲ ವರ್ಷ ಅವಳು ಸುಳ್ಳು ಹಾಜರಿ ಬರೆಯುವುದಿಲ್ಲ ಎಂದಾಗ ಗೌಡ ನಕ್ಕಿದ್ದ. “ಬ್ಯಾಡ ಬಿಡ್ರಿ ಅಕ್ಕೋರ. ನಾನೂ ಸಹಿ ಮಾಡೂದಿಲ್ಲ.”

ಈಗ ಅವನು ನಗಲಿಲ್ಲ. “ಬುಧವಾರದಿಂದ ಮುಂದಿಂದು ಕೆರಿ. ಮಂಗಳವಾರದ್ದು ಇರ್ಲಿ. ಹುಡುಗಿ ಸಾಲ್ಯಾಗಿದ್ಲು. ನಿನ್ನ ಕಣ್ಣ ತಪ್ಪಿಸಿ ಓಡಿಬಂದು ಬಾಂವ್ಯಾಗ ಬಿದ್ಲು. ನನ್ನ ಹತ್ತಿಗೂ ಅಕಿಗೂ ಏನೂ ಸಂಬಂಧಿಲ್ಲ. ತಿಳೀತಿಲ್ಲೋ?”

“ನೀರ ಕುಡ್ಯಾಕ ಇಳಿದಿದ್ಲರಿ. ಗಿಡದ ಬುಡಕ ಕೊಡ ಇತ್ತಲ್ರಿ.”

“ಇತ್ತು. ಹೊಲಗೇರಿ ಪಿಳ್ಳಿ ಕೊಡ ಮುಟ್ಟಬೇಕಾಗಿತ್ತೇನ? ನೀರ ಎತ್ತಿ ಹಾಕವ್ರು ಬರೂತನಾ ತಡೀಬೇಕು. ಸೊಕ್ಕು.”

ಅವನು ಜೇಬಿನಿಂದ ಆ ಕಾಗದ ತೆಗೆದ. ಮೂರು ವಾರದಿಂದ ಅವಳು ಅವನ ವಾಡೆಯ ಬಾಗಿಲಲ್ಲಿ ನಿಂತು ಬೇಡಿದ್ದ ಕಾಗದ. ತೊಡೆಯ ಮೇಲಿಟ್ಟು ಸಹಿ ಹಾಕಿದ. ಅಂಚಿಗೆ ಸುಣ್ಣದ ಬೆರಳಗುರುತು ಮೂಡಿತು.

“ತಗೋ. ನಿಮ್ಮಪ್ಪನ ಕುರಿ ಉಳದುವು.”

ಹೊಳೆವ್ವ ಕಾಗದ ತೆಗೆದುಕೊಂಡಳು. ನೆಲದ ಮೇಲೆ ಕೂತು ಬುಧವಾರದ ‘ಹಾ’ ಕೆರೆದಳು. ಹಾಳೆ ತೆಳ್ಳಗಾಗಿ ಆಚೆಯ ಬೆಳಕು ಕಂಡಿತು. ಗುರುವಾರದ ಮೇಲೆ ಬ್ಲೇಡು ಇಟ್ಟಳು. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು.

ಪರಸವ್ವನ ತಾಯಿ ತಿಪ್ಪವ್ವ ನಿನ್ನೆ ಮಣ್ಣಿನ ಕೈಯಲ್ಲೇ ನಡೆದುಹೋಗಿ ಠಾಣೆಯ ಮುಂದೆ ಕೂತಿದ್ದಳು. ಪೊಲೀಸ್ ಜೀಪು ಬಂದು ನಿಲ್ಲುವ ಹೊತ್ತಿಗೆ, ನಸುಕಿನಲ್ಲೇ ನಡೆದು ಹೊರಟಿದ್ದ ಅವಳೂ ಸಾಲೆ ಮುಟ್ಟಿದಳು.

“ಸಾಲಿಗೆ ಹೋಗಿದ್ದಿಲ್ರಿ ಯಪ್ಪಾ,” ಎಂದಳು ಜೀಪಿನಿಂದ ಇಳಿದ ಫೌಜದಾರನಿಗೆ. “ನಾನಽ ಹೊಲಕ್ಕ ಕರಕೊಂಡ ಹೋಗಿದ್ದೆ. ನನ್ನ ಮಗ್ಗಲದ ಹತ್ತಿ ಸಾಲ ಹಿಡದಿತ್ತು ಕೂಸು.”

“ಬಾಯಿ ಮುಚ್ಚ, ರಂಡಿ!” ಗೌಡ ಅಂಗಳಕ್ಕೆ ಬಂದ. “ಸರಕಾರದ ಪುಸ್ತಕ ಸುಳ್ಳು, ನೀ ಖರೆ? ಸಾಹೇಬ್ರ, ಅಕ್ಕೋರನ್ನ ಕೇಳ್ರಿ.”

“ಮಂಗಳವಾರ ಹುಡುಗಿ ಎಲ್ಲಿದ್ಲರಿ?” ಫೌಜದಾರ ಕೇಳಿದ.

ಹೊಳೆವ್ವ ಅಂಗಳಕ್ಕೆ ಬಂದು ಪುಸ್ತಕ ತೆರೆದು ಪರಸವ್ವನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟಳು.

“ಮಂಗಳವಾರ ಸಾಲ್ಯಾಗ ಅದಾಳ್ರಿ.”

ಗೌಡ ಎಲೆ ಉಗುಳಿದ.

“ಬುಧವಾರ ಈಗ ಕೆರದೇನ್ರಿ. ಗೌಡ್ರು ಬ್ಲೇಡ ಕೊಟ್ರು. ಇವತ್ತ ಸಾಲ್ಯಾಗ ಅದಾಳ. ನಾಳೆ ಅದಾಳ. ಸತ್ತ ಕೂಸು ಶನಿವಾರದ ತನಕ ಸಾಲ್ಯಾಗ ಐತ್ರಿ.” ಅವಳ ದನಿ ಪಾಠ ಓದಿದ ಹಾಗೆ ಇತ್ತು. “ನಲವತ್ತು ಮಂದೀನೂ ಅದಾರ. ಖರೇನ ಎಲ್ಲಾರೂ ಗೌಡ್ರ ಹತ್ತ್ಯಾಗ ಅದಾರ. ಮೂರ ವರ್ಷ ಹಿಂಗಽ ಬರದೇನಿ. ಈ ಸಹಿ ಸಲುವಾಗಿ.”

ಬ್ಲೇಡನ್ನೂ ಸಹಿಯ ಕಾಗದವನ್ನೂ ತೆರೆದ ಪುಟದ ಮೇಲಿಟ್ಟಳು.

“ಏ ಹಾಟ್ಯಾನ ಮಗಳ! ನಿಮ್ಮಪ್ಪನ ಕುರಿ ಸಂತ್ಯಾಗ ನಿಂದರಸ್ತೇನಿ! ನಿನ್ನ ನೌಕರಿ...”

ಫೌಜದಾರ ಪೆನ್ನು ತೆರೆಯಲಿಲ್ಲ. ಗೌಡನ ಮುಖ ನೋಡಿದ.

“ವಾಡೇಕ ಬರ್ರಿ ಸಾಹೇಬ್ರ,” ಗೌಡನ ದನಿ ಇಳಿಯಿತು. “ಚಾ ಕುಡಕೋತ ಮಾತಾಡೂನು. ಹೊಳೆವ್ವಾ, ಪುಸ್ತಕ ಇತ್ತ ಕೊಡ.”

ತಿಪ್ಪವ್ವ ನಡುವೆ ಬಂದಳು. “ಇದರಾಗ ನಮ್ಮ ಪರಸಿ ಯಾವಾಕಿರಿ ಅಕ್ಕೋರ?”

“ಇಕಿ,” ಎಂದು ಹೊಳೆವ್ವ ತೋರಿಸಿದಳು. ತಿಪ್ಪವ್ವ ಆ ಹೆಸರಿನ ಮೇಲೆ ಹೆಬ್ಬೆರಳಿಟ್ಟಳು. ಬಳಿಕ ಪುಸ್ತಕ ಮುಚ್ಚಿ, ಬ್ಲೇಡು, ಕಾಗದ ಒಳಗಿದ್ದ ಹಾಗೆಯೇ, ಹತ್ತಿ ತುಂಬುವ ಉಡಿಯಲ್ಲಿ ಹಾಕಿಕೊಂಡು ಅಂಗಳದಲ್ಲಿ ಕೂತುಬಿಟ್ಟಳು.

ಗೌಡನ ಕೈ ಮುಂದೆ ಬಂತು. ಆ ಹೊಲಗೇರಿಯವಳ ಸೆರಗಿಗೆ ಗೇಣು ಇರುವಾಗ ನಿಂತಿತು. ಮುಟ್ಟಲಿಲ್ಲ. ಹಿಂದಕ್ಕೂ ಹೋಗಲಿಲ್ಲ.

ಹೊಳೆವ್ವ ತಿಪ್ಪವ್ವನ ಮೈಗೆ ಮೈ ಹತ್ತುವ ಹಾಗೆ ಮಣ್ಣಿನಲ್ಲಿ ಕೂತಳು.