ಮೊಂಡು ಕಿರುಬೆರಳಿನ ಕೈ

ನನ್ನ ಎಡಗೈ ಕಿರುಬೆರಳಿನ ತುದಿ ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿ ಹದಿನಾಲ್ಕು ವರ್ಷವಾಯಿತು. ಆಗ ಜೆರಾಕ್ಸ್ ಅಂಗಡಿ ಇಟ್ಟ ಹೊಸತು, ಮಾತಾಡುತ್ತಾ ಕತ್ತರಿಸಿದೆ. ಆಮೇಲೂ ನನ್ನ ಮಾತೇನೂ ಕಮ್ಮಿಯಾಗಲಿಲ್ಲ. ಕತ್ತರಿಸುವಾಗ ಮಾತ್ರ ಬಾಯಿ ಮುಚ್ಚುವುದನ್ನು ಕಲಿತೆ.

ಅದೇ ಕೈಯನ್ನು ಗಿರಾಕಿಗಳ ಪೆನ್‌ಡ್ರೈವ್ ಮೇಲೆ ಮುಚ್ಚಿಡುವುದು ನನ್ನ ಅಭ್ಯಾಸ. ಫೈಲು ಕಾಪಿಯಾಗುವಾಗ ಪರದೆಯ ಮೇಲೆ ಒಂದು ಪಟ್ಟಿ ತುಂಬುತ್ತಾ ಬಂದು ‘ಮುಗಿಯಿತು’ ಎನ್ನುತ್ತದೆ. ಮುಗಿದಿರುವುದಿಲ್ಲ, ಒಳಗೆ ಇನ್ನೂ ಬರೆಯುತ್ತಲೇ ಇರುತ್ತದೆ. ದರ್ಜಿ ಬಟ್ಟೆ ರೆಡಿ ಬನ್ನಿ ಅಂದಿರುತ್ತಾನೆ, ಹೋಗಿ ನೋಡಿದರೆ ಗುಂಡಿ ಹಚ್ಚುವುದು ಬಾಕಿ, ಹಾಗೆ. ಆ ಹೊತ್ತಿಗೆ ಕಿತ್ತರೆ ಫೈಲು ಹಾಳು. ಮೊಂಡು ಬೆರಳಿನ ಸಂದಿಯಿಂದ ಪೆನ್‌ಡ್ರೈವಿನ ದೀಪ ಕಾಣುತ್ತದೆ. ಅದು ಮಿನುಗುವುದು ನಿಂತ ಮೇಲೆಯೇ ನಾನು ಕೈ ಎತ್ತುವುದು.

ನಮ್ಮ ಗಿರಾಕಿಯೊಬ್ಬರಿಗೆ ರೈಲು ಮೇಷ್ಟ್ರು ಎಂದು ಹೆಸರು. ರೈಲು ತಪ್ಪಿಹೋಗುತ್ತದೆ ಎನ್ನುವ ಹಾಗೆಯೇ ಸದಾ ಓಡಾಟ. ಒಂದು ದಿನ ನಾನಿಲ್ಲದಾಗ ನಮ್ಮ ಯಜಮಾನರು ಕೂತಿದ್ದರು. ಮೇಷ್ಟ್ರು ‘ಮುಗಿಯಿತು’ ನೋಡಿ ಕಿತ್ತುಕೊಂಡು ಓಡಿದರು. ಮರುದಿನ ಇಡೀ ಪ್ರಶ್ನೆಪತ್ರಿಕೆಯನ್ನು ಮತ್ತೆ ಬರೆದರು.

ನನ್ನ ತಂಗಿಯ ಕೆಲಸವೇ ಇದು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಮಾಡುವ ಕಂಪನಿಯಲ್ಲಿ, ಚುಚ್ಚಿ ತೆಗೆಯುವ ಡಿಸ್ಕುಗಳೆಲ್ಲ ಅವಳ ಪಾಲು. ಮೊದಲೆಲ್ಲ ಚುಚ್ಚಿದ ಮೇಲೆ ಏನೇನೋ ಟೈಪು ಮಾಡಬೇಕಿತ್ತು. ಇವಳು ಎರಡು ವರ್ಷ ಕೂತು, ಚುಚ್ಚಿದ ಕೂಡಲೇ ಡಿಸ್ಕಿನ ಚಿತ್ರ ಹೆಸರಿನ ಸಮೇತ ತಾನೇ ಬರುವ ಹಾಗೆ ಮಾಡಿದಳು. ಒಳಗೆ ಬರುವುದು ಸಲೀಸಾಯಿತು, ಹೊರಗೆ ಹೋಗುವುದೇ ತಲೆನೋವು. ‘ತೆಗೆಯುವ ಮುನ್ನ ಇಲ್ಲಿ ಒತ್ತಿ’ ಎಂದು ಬರೆದು ನೋಡಿದಳು. ಒಬ್ಬರೂ ಒತ್ತಲಿಲ್ಲ. ಫೈಲುಗಳು ಹಾಳಾದವು. ತಿಂಗಳೊಳಗೆ ಸರಿಹೋಗದಿದ್ದರೆ ಹೊಸ ಆವೃತ್ತಿಯಿಂದ ಇವಳ ಕೆಲಸವನ್ನೇ ಕೈಬಿಡುವುದಾಗಿ ಅವಳ ಮೇಲಿನವರು ಹೇಳಿದ್ದರಂತೆ.

ಒಂದು ಭಾನುವಾರ ಬಂದು ಅಂಗಡಿಯ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂತಳು. ನನ್ನನ್ನು ಏನೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ಮಧ್ಯಾಹ್ನವಿಡೀ ಗಿರಾಕಿಗಳನ್ನು ನೋಡಿದಳು, ಆಮೇಲೆ ನನ್ನ ಕೈ ನೋಡತೊಡಗಿದಳು.

“ಅಕ್ಕಾ, ನಿನ್ನ ಕೈ ಸ್ವಲ್ಪ ಕೊಡು” ಅಂದಳು.

“ಯಾರಿಗೂ ಕೈ ಕೊಟ್ಟು ಅಭ್ಯಾಸ ಇಲ್ಲ ಕಣೇ” ಅಂದೆ. ಅವಳು ನಗಲಿಲ್ಲ, ಫೋಟೋ ತೆಗೆದುಕೊಂಡು ಹೋದಳು.

ಮೂರು ವಾರದ ಮೇಲೆ ಮೇಲಿನವರನ್ನೇ ಕರೆದುಕೊಂಡು ಬಂದಳು. ಕನ್ನಡಕದ, ಮಿತಭಾಷಿ ಮನುಷ್ಯ. ತಂಗಿ ತಾನು ಹೊಸದಾಗಿ ಮಾಡಿದ್ದನ್ನು ನನ್ನ ಅಂಗಡಿಯ ಕಂಪ್ಯೂಟರಿಗೆ ಹಾಕಿದಳು. ಗಿರಾಕಿಗಳಿಗೆ ಯಾರೂ ಏನೂ ಹೇಳಿಕೊಡಬಾರದು, ಒಂದೇ ಒಂದು ಫೈಲು ಹಾಳಾದರೂ ಈ ಮಾತು ಇಲ್ಲಿಗೇ ಬಿಟ್ಟೆವು ಎಂದರು. ಫೈಲು ಹಾಕಿದ ಕೂಡಲೇ ಕೈ ಹಿಂದೆ ಕಟ್ಟಿಕೊಳ್ಳಲು ನನಗೆ ಹೇಳಿದರು. ತಂಗಿ ಉಗುರು ಕಚ್ಚುತ್ತಾ ಬಾಗಿಲ ಪಕ್ಕ ನಿಂತಳು.

ಮೊದಲು ಬಂದವರು ಯಾರು ಅಂತೀರಿ? ರೈಲು ಮೇಷ್ಟ್ರೇ. ಮಾರ್ಕ್ಸ್ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿದೆ. ಪರದೆಯ ಪಟ್ಟಿ ತುಂಬಿ ‘ಮುಗಿಯಿತು’ ಎಂದಿತು. ಮೇಷ್ಟ್ರ ಕೈ ಚಾಚಿತು, ನನ್ನ ಕೈ ಬೆನ್ನ ಹಿಂದೆ ತುರಿಸಿತು. ಅಷ್ಟರಲ್ಲಿ ಪರದೆಯ ಮೇಲೆ, ಡಿಸ್ಕಿನ ಚಿತ್ರವನ್ನು ಮುಚ್ಚಿಕೊಂಡು ಒಂದು ಅಂಗೈ ಕೂತಿದ್ದು ಅವರಿಗೆ ಕಂಡಿತು.

“ಇದೇನಮ್ಮಾ, ನಿಮ್ಮ ಕೈ ಇಲ್ಲಿ ಬಂದು ಕೂತಿದೆ” ಅಂದರು. ಚಾಚಿದ ಕೈ ಅಲ್ಲೇ ನಿಂತಿತು. ಕಾದರು. ಚಿತ್ರದ ಕೈ ಮೆಲ್ಲಗೆ ಎದ್ದು ಪಕ್ಕಕ್ಕೆ ಸರಿಯಿತು. ಆಗ ತೆಗೆದುಕೊಂಡು, ಎಂದಿನಂತೆ ಓಡಿದರು.

ಇವರಿಗೆ ನಿಮ್ಮ ಕೈಯ ಪರಿಚಯವಿದೆ, ಇದನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದರು ಮೇಲಿನವರು. ನ್ಯಾಯವಾದ ಮಾತೇ. ನಾನು ತಂಗಿಯ ಕಡೆ ನೋಡಲೇ ಇಲ್ಲ.

ಆಮೇಲೆ ಬಂದವನು ಲಾರಿ ಡ್ರೈವರು, ಈ ಊರಿಗೇ ಹೊಸಬ. ಗಾಡಿಯ ಕಾಗದಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಡಬೇಕಿತ್ತು. ಹೊರಗೆ ಅವನ ಗಾಡಿಗೆ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

“ಆಯ್ತಲ್ಲ, ತಗೊಳ್ಳಿ” ಎಂದರು ಮೇಲಿನವರು, ಬೇಕೆಂದೇ.

ಡ್ರೈವರು ಪರದೆ ನೋಡಿದ. “ತಾಳಿ ಸ್ವಾಮಿ. ಯಾರೋ ಕೈ ಅಡ್ಡ ಇಟ್ಟವ್ರೆ, ಕಾಣಲ್ವಾ?” ಅಂದ.

ಸಂಜೆಯ ತನಕ ಮೂವತ್ತೊಂದು ಜನ ಬಂದರು. ಒಂದು ಫೈಲೂ ಹಾಳಾಗಲಿಲ್ಲ.

ಮೇಲಿನವರು ಎದ್ದು ಕನ್ನಡಕ ಒರೆಸಿಕೊಂಡರು. ಹೊಸ ಆವೃತ್ತಿಯಲ್ಲಿ ಇದು ಇರುತ್ತದೆ ಎಂದರು. ಬಾಗಿಲ ತನಕ ಹೋಗಿ ತಿರುಗಿ, “ಆ ಕಿರುಬೆರಳು ಮೊಂಡಾಗಿದೆ, ಸರಿ ಮಾಡಿಬಿಡಿ” ಎಂದರು.

“ಅದನ್ನ ಮುಟ್ಟೋ ಹಾಗಿಲ್ಲ ಸರ್” ಅಂದಳು ತಂಗಿ. ಅವರು ನನ್ನ ಕೈ ನೋಡಿದರು, ತಲೆಯಾಡಿಸಿ ಹೊರಟರು.

ಮೊನ್ನೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಗುಮಾಸ್ತೆ ಯಾರದೋ ವರದಿಯನ್ನು ಪೆನ್‌ಡ್ರೈವಿಗೆ ಹಾಕುತ್ತಿದ್ದಳು. ಅವಳ ಪರದೆಯ ಮೂಲೆಯಲ್ಲಿ ನನ್ನ ಕೈ, ಮೊಂಡು ಬೆರಳಿನ ಸಮೇತ. ಅವಳು ಕಾಯುತ್ತಿದ್ದಳು. ನನ್ನ ಸರದಿ ಬಂತೆಂದು ಎರಡು ಸಲ ಕೂಗಿದರಂತೆ. ಪರದೆಯ ಕೈ ಎದ್ದು ಸರಿಯುವ ತನಕ ನಾನೂ ಅಲ್ಲಾಡಲಿಲ್ಲ.