ಟ್ಯಾಂಕಿನ ಗುಡ್ಡದ ಪಂದ್ಯ

ಹಟ ಅಂದರೆ ಅಕ್ಕನದ್ದು, ಇಡೀ ಬೀದಿಗೇ ಗೊತ್ತು. ಅಪ್ಪ ಹೋದಮೇಲೆ ಗ್ಯಾರೇಜು ಅವಳಿಗೂ ತಮ್ಮನಿಗೂ ಬಂತು. ಜೊತೆಗೆ ಅಪ್ಪ ಜೀವ ಇಟ್ಟುಕೊಂಡಿದ್ದ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರೂ ಬಂತು. ತಮ್ಮ ಅದಕ್ಕೊಬ್ಬ ಗಿರಾಕಿ ಹುಡುಕಿ ತಂದ. ಕರಿ ಕನ್ನಡಕದ ಆ ಮನುಷ್ಯ ಬಾನೆಟ್ ಎತ್ತಿ ನೋಡಿ, "ಈ ಡಬ್ಬಾ ಕಾರ್ಬುರೇಟರ್‌ಗಳನ್ನ ಕಿತ್ತು ಬಿಸಾಕಿ ಹೊಸ ಇಂಜಿನ್ ಕೂರಿಸ್ತೀನಿ" ಅಂದ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಭಾನುವಾರ ಬೆಳಿಗ್ಗೆ ಬನ್ನಿ. ಇದೇ ಇಂಜಿನ್ನು, ಇದೇ ಕಾರ್ಬುರೇಟರು, ನೀರಿನ ಟ್ಯಾಂಕಿನ ಗುಡ್ಡ ಹತ್ತಿಸ್ತೀನಿ. ಹತ್ತಿದ್ರೆ ಕಾರು ನನ್ನದು. ಹತ್ತಲಿಲ್ಲ ಅಂದ್ರೆ ಮಾರಾಟದ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕ್ತೀನಿ," ಅಂದುಬಿಟ್ಟಳು. ತಮ್ಮ ಒಪ್ಪಿದ. ಯಾಕೆ ಒಪ್ಪಲ್ಲ? ಎರಡು ವಾರದಿಂದ ಕಾರು ಸಮತಟ್ಟು ರಸ್ತೆಯಲ್ಲೇ ಕೆಮ್ಮುತ್ತಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಗ್ಯಾರೇಜಿನ ಬೋರ್ಡಿನಲ್ಲಿ 'ತಂದೆ ಮತ್ತು ಮಗ' ಅಂತ ಬರೆದಿತ್ತು. ಆದರೆ ಮೂವತ್ತು ವರ್ಷದಿಂದ ಅಲ್ಲಿಗೆ ಬಂದ ಒಂದೊಂದು ಕಾರ್ಬುರೇಟರನ್ನೂ ಬಿಚ್ಚಿ ಜೋಡಿಸಿದ್ದು ಮಗಳು. ಬಂದವರು "ನಿಮ್ಮ ಮಗನ ಕೈ ಚಿನ್ನ" ಅಂದರೆ ಅಪ್ಪ ನಗುತ್ತಿದ್ದ, ತಮ್ಮ ತಲೆ ಬಗ್ಗಿಸಿ ಸುಮ್ಮನಿರುತ್ತಿದ್ದ. ಅವರ ಬೆನ್ನ ಹಿಂದೆ ಕೂತು ಪೆಟ್ರೋಲಿನಲ್ಲಿ ಕಾರ್ಬುರೇಟರಿನ ಜೆಟ್ ತೊಳೆಯುತ್ತಾ ಅಕ್ಕ ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಮೈಮುರಿದು ದುಡಿಯೋದು ಇವಳು, ಹೆಸರು ಮಾತ್ರ ಅವನಿಗೆ!

ಗುರುವಾರ ಪ್ಲಗ್ ಬದಲಿಸಿದಳು. ಶುಕ್ರವಾರ ಪೆಟ್ರೋಲ್ ಪೈಪು ಊದಿ ಕಸ ತೆಗೆದಳು. ಗಾಳಿ-ಪೆಟ್ರೋಲಿನ ಹದ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದಳು, ಸಡಿಲ ಮಾಡಿದಳು. ಏನು ಮಾಡಿದರೂ ಅಷ್ಟೇ. ನಿಂತಲ್ಲಿ ಬೆಕ್ಕಿನ ಹಾಗೆ ಗುರುಗುಡುವ ಇಂಜಿನ್ನು, ಆಕ್ಸಿಲರೇಟರ್ ಒತ್ತಿದ ಕೂಡಲೇ ಢಬ್ ಅಂತ ಸಿಡಿದು ಆಫ್ ಆಗುತ್ತಿತ್ತು.

"ಬಿಡಕ್ಕಾ, ಅದರ ಆಯಸ್ಸು ಮುಗೀತು," ಅಂದ ತಮ್ಮ.

"ಮುಚ್ಚು ಬಾಯಿ. ಅದರ ಆಯಸ್ಸು ಬರೆಯೋಕೆ ನೀನ್ಯಾವ ಬ್ರಹ್ಮ?"

ಶನಿವಾರ ಮಧ್ಯಾಹ್ನ ಊಟ ಬಿಟ್ಟು ಬಾನೆಟ್ಟಿನೊಳಗೆ ಬಗ್ಗಿದಳು. ಕಾರ್ಬುರೇಟರ್ ಎರಡು. ಒಂದೊಂದರ ತಲೆ ಮೇಲೂ ಬುರುಡೆಯಂಥ ಒಂದು ಅಲ್ಯೂಮಿನಿಯಂ ಮುಚ್ಚಳ, ಅದರೊಳಗೆ ಗಾಳಿಯ ಎಳೆತಕ್ಕೆ ಏರಿ ಇಳಿಯುವ ಪಿಸ್ಟನ್. ಎತ್ತಿ ಬಿಟ್ಟರೆ ಅದು ಟಕ್ ಅಂತ ಕೆಳಗೆ ಕೂರಬೇಕು. ಇದನ್ನು ಮೊದಲ ದಿನವೇ ನೋಡಬೇಕಿತ್ತು. ನಾನೇ ಕೂರಿಸಿದ್ದು, ಅದರಲ್ಲೆಲ್ಲಿ ತಪ್ಪಿರುತ್ತೆ ಅನ್ನೋ ಗರ್ವ, ನೋಡಿರಲಿಲ್ಲ. ಮುಂದಿನದನ್ನು ಎತ್ತಿ ಬಿಟ್ಟಳು. ಟಕ್. ಹಿಂದಿನದು ಅರ್ಧಕ್ಕೇ ಸಿಕ್ಕಿಕೊಂಡು ನಿಂತಿತು. ಆಗ ಅವಳ ಕಣ್ಣು ಬುರುಡೆಗಳ ಮೇಲೆ ಹೋಯಿತು. ಎರಡೂ ಮುಖ ನೋಡಿಕೊಳ್ಳುವಷ್ಟು ಥಳಥಳ ಅನ್ನುತ್ತಿದ್ದವು.

"ಇವನ್ನ ಪಾಲಿಶ್ ಮಾಡಿದ್ದು ಯಾರೋ?"

"ನಾನೇ. ಗಿರಾಕಿ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ."

"ಎರಡನ್ನೂ ಒಟ್ಟಿಗೇ ಬಿಚ್ಚಿದ್ಯಾ?"

"ಹೂಂ. ಎರಡೂ ಒಂದೇ ಅಲ್ವಾ?"

"ಅಯ್ಯೋ ನಿನ್ನ! ಅಳತೆ ಕೊಟ್ಟು ಹೊಲಿಸಿದ ಅಂಗಿ ಕಣೋ ಅವು, ಒಬ್ಬಂದು ಇನ್ನೊಬ್ಬನಿಗೆ ಆಗಲ್ಲ. ಒಂದೊಂದು ಪಿಸ್ಟನ್ನಿಗೂ ಅದರದೇ ಬುರುಡೆ. ನೀನು ಅದಲುಬದಲು ಮಾಡಿ ಕೂರಿಸಿದೀಯ. ಮೂವತ್ತು ವರ್ಷ ಇಲ್ಲೇ ಇದ್ದು ಇದೂ ಗೊತ್ತಿಲ್ವಾ?"

ತಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಕ್ಕ ಬೈಯುತ್ತಲೇ ಬಿಚ್ಚಿದಳು, ಬೈಯುತ್ತಲೇ ಒರೆಸಿದಳು, ಯಾವುದರದ್ದು ಅದಕ್ಕೆ ಕೂರಿಸಿದಳು. ಟಕ್, ಟಕ್. ಆಮೇಲೆ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಎರಡೂ ಒಂದೇ ಸಮ ಗಾಳಿ ಎಳೆಯುವುದು ಕೇಳುವ ತನಕ ಸ್ಕ್ರೂ ಬಿಡಲಿಲ್ಲ.

ಭಾನುವಾರ ಕರಿ ಕನ್ನಡಕದವನು ಅವಳ ಪಕ್ಕ ಕೂತ. ಗುಡ್ಡದ ಎರಡನೇ ತಿರುವು ಬಲು ಕಡಿದು. ಅಲ್ಲಿ ಅಕ್ಕ ಸೆಕೆಂಡ್ ಗೇರಿಗೆ ಎಳೆದು ಕಾಲು ಒತ್ತಿದಳು. ಕಾರು ಕೆಮ್ಮಲಿಲ್ಲ, ಸೀನಲಿಲ್ಲ, ಗುಡುಗಿಕೊಂಡು ಹತ್ತಿತು. ಕೂಗಬೇಕು ಅನ್ನಿಸಿತು ಅವಳಿಗೆ, ಕೂಗಿಯೇಬಿಟ್ಟಳು.

ಟ್ಯಾಂಕಿನ ಬುಡದಲ್ಲಿ ಕಾರು ನಿಂತಾಗ ಅವನು ತಲೆದೂಗಿದ. "ಭೇಷ್! ನಿಮ್ಮ ತಮ್ಮನ ಕೈ ಚಿನ್ನ ಕಣ್ರೀ."

ಮೂವತ್ತು ವರ್ಷ ನುಂಗಿದ ಮಾತು. ಇವತ್ತು ಗಂಟಲಲ್ಲಿ ಇಳಿಯಲಿಲ್ಲ.

"ಇಳೀರಿ," ಅಂದಳು.

"ಏನಂದ್ರಿ?"

"ಕಾರಿಂದ ಇಳೀರಿ. ಕಾಲಿದೆಯಲ್ಲ, ನಡ್ಕೊಂಡು ಬನ್ನಿ."

ಕಾರು ಗುಡ್ಡ ಇಳಿದು ಬಂದಾಗ, ಕೆಳಗೆ ಕಾಯುತ್ತಿದ್ದ ತಮ್ಮ ಪಕ್ಕದ ಸೀಟು ಖಾಲಿ ಇದ್ದದ್ದು ನೋಡಿ ಗಾಬರಿಯಾದ. ಆದದ್ದನ್ನು ಅಕ್ಕ ಹೇಳಿದಳು.

"ನಾನೇ ಹೇಳ್ಬೇಕಿತ್ತಕ್ಕಾ. ಯಾವತ್ತೋ ಹೇಳ್ಬೇಕಿತ್ತು."

"ಹೂಂ, ಹೇಳ್ಬೇಕಿತ್ತು." ಅವಳ ದನಿಯಲ್ಲಿ ಯಾವ ಮುಲಾಜೂ ಇರಲಿಲ್ಲ. "ಈಗ ಹೋಗಿ ಹೇಳು, ಕೈ ಯಾರದ್ದು ಅಂತ."

ತಮ್ಮ ಕಾರಿನ ಬಾಗಿಲಿಗೆ ಕೈ ಹಾಕಿದ.

"ಕಾರು ನನ್ನದು," ಅಂದಳು ಅಕ್ಕ. "ನೀನೂ ನಡ್ಕೊಂಡೇ ಹೋಗು."

ಬಿಸಿಲೇರಿತ್ತು. ತಮ್ಮ ಗುಡ್ಡ ಹತ್ತತೊಡಗಿದ.