ಹದಿಮೂರು, ಹದಿನೇಳು, ಅಕ್ಕನ ಹೆಬ್ಬೆರಳು

ಲೋಕದ ಗಮನಕ್ಕೆ ತರಲೇಬೇಕಾದ ಗಂಭೀರ ವಿಷಯವೊಂದಿದೆ: ಅಕ್ಕನ ಎಡಗಾಲಿನ ಕಾಲುಚೀಲ ತೂತಾಗಿದೆ, ಹೆಬ್ಬೆರಳು ಆಮೆಯ ತಲೆಯ ಹಾಗೆ ಹೊರಬಂದು ತಾಳ ಹಾಕುತ್ತಿದೆ, ಕಂಡವನು ನಾನೊಬ್ಬನೇ, ಡ್ರಮ್ಮುಗಳ ಹಿಂದೆ ಕೂತವನು, ಎಣಿಸಬೇಕಾದವನು — ಇಪ್ಪತ್ತೆರಡು, ಇಪ್ಪತ್ತಮೂರು — ವಿಜ್ಞಾನ ಮೇಳದ ಸಭಾಂಗಣ, ಮಧ್ಯಾಹ್ನ ಮೂರು ಗಂಟೆ, ಮೆಟಲ್ ಸಂಗೀತಕ್ಕೆ ಇದಕ್ಕಿಂತ ಅಯೋಗ್ಯ ಮುಹೂರ್ತ ಇನ್ನೊಂದಿಲ್ಲ, ಆದರೂ ಭಾವ ಗಿಟಾರು ತಬ್ಬಿಕೊಂಡು ಮೈಕು ನುಂಗುವವರಂತೆ ಅರಚುತ್ತಿದ್ದಾರೆ, ಮನೆಯಲ್ಲಿ ಟವೆಲ್ ಕೇಳುವುದಕ್ಕೂ ದನಿ ಏಳದ ಮನುಷ್ಯ, ಇಲ್ಲಿ ಮಣ್ಣಿನಡಿಯ ಜೀರುಂಡೆ. ಹಾಡೇ ಜೀರುಂಡೆಗಳದು, ಒಂದು ಜಾತಿ ಹದಿಮೂರು ವರ್ಷಕ್ಕೊಮ್ಮೆ ನೆಲದಿಂದ ಏಳುತ್ತದೆ, ಇನ್ನೊಂದು ಹದಿನೇಳಕ್ಕೆ, ಎರಡೂ ಒಟ್ಟಿಗೆ ಏಳುವುದು ಇನ್ನೂರ ಇಪ್ಪತ್ತೊಂದು ವರ್ಷಕ್ಕೊಮ್ಮೆ, ಹಾಗೇ ಅಕ್ಕನ ಬೇಸ್ ಗಿಟಾರು ಹದಿಮೂರರ ಸುತ್ತು, ನನ್ನ ಡ್ರಮ್ಮು ಹದಿನೇಳರದು, ಇನ್ನೂರ ಇಪ್ಪತ್ತೊಂದು ಎಣಿಕೆ ಮುಗಿದ ಕೂಡಲೇ ಇಬ್ಬರೂ ಒಂದೇ ಪೆಟ್ಟಿಗೆ ಬೀಳಬೇಕು. ಕನ್ನಡಕದಂಗಡಿಯ ಕೆಲಸದಲ್ಲಿ ಗಾಜು ಉಜ್ಜುತ್ತಾ ಇದನ್ನು ಕಟ್ಟಿದವನು ನಾನು, ಅಭ್ಯಾಸದಲ್ಲಿ ಹನ್ನೊಂದು ಸಲವೂ ತಪ್ಪಿದವನು ನಾನೇ — ಲೋ ಕತ್ತೆ, ಇವತ್ತೂ ತಪ್ಪಿದ್ರೆ ಈ ಹಾಡಿಗೆ ಮಂಗಳ, ಮುಂದಿನ ವಾರದಿಂದ ಗುರುತ್ವಾಕರ್ಷಣೆಯ ಹಾಡು ಹಾಡೋಣ, ಅದಕ್ಕೆ ನಾಲ್ಕೇ ಎಣಿಕೆ, ನಿನ್ನ ಕೈಲೂ ಆಗುತ್ತೆ, ಅಂದಿದ್ದಳು ಅಕ್ಕ, ಹಾಡು ಶುರುವಾಗುವ ಮುಂಚೆ, ಅಂದವಳೇ ಗಿಟಾರಿನ ದನಿ ಬದಲಿಸುವ ಪೆಡಲ್ ತುಳಿಯಲು ಶೂ ಬಿಚ್ಚಿಟ್ಟಿದ್ದಳು. ತೊಂಬತ್ತೇಳು, ತೊಂಬತ್ತೆಂಟು, ಮೊದಲ ಸಾಲಿನಲ್ಲಿ ಅಮ್ಮ, ಕಿವಿಯಲ್ಲಿ ಹತ್ತಿ, ಮುಖದಲ್ಲಿ ಹೆಮ್ಮೆ, ಮೊದಲ ಸಲ ಕೇಳಿದಾಗ ಇದೇನೋ ಇದು, ಜಗಳಾನಾ ಅಂದಿದ್ದಳು, ಹಾಡಮ್ಮಾ, ವಿಜ್ಞಾನದ ಹಾಡು, ಅಂದಿದ್ದೆ ನಾನು, ಓಹೋ, ವಿಜ್ಞಾನ ಮೆಲ್ಲಗೆ ಹೇಳಿದ್ರೆ ಸುಳ್ಳಾಗಿಬಿಡುತ್ತಾ — ನಗು ಬಂತು, ನಗಬಾರದು, ನೂರ ಮೂವತ್ತು, ನೂರ ಮೂವತ್ತೆಷ್ಟು? ಹೋಯಿತು. ಲೆಕ್ಕ ಹೋಯಿತು, ಹಾಡೂ ಹೋದಂತೆಯೇ, ಕೈ ಮಾತ್ರ ನಿಂತಿಲ್ಲ, ಕೈಗೆ ನನ್ನ ಗೊಡವೆಯೇ ಬೇಕಿಲ್ಲ, ಅದು ತನ್ನ ಪಾಡಿಗೆ ಹದಿನೇಳು ಸುತ್ತುತ್ತಿದೆ, ಸುಖವಾಗಿದೆ, ಹಳೇ ಮನೆಯ ಮಹಡಿ ಮೆಟ್ಟಿಲಿನಷ್ಟು ಸುಖ, ನನಗೆ ಆರು ವರ್ಷ, ಅಕ್ಕನಿಗೆ ಒಂಬತ್ತು, ಅವಳು ಒಂದೇ ನೆಗೆತಕ್ಕೆ ಮೂರು ಮೆಟ್ಟಿಲು, ನಾನು ಎರಡು, ಆರನೆಯದರಲ್ಲಿ ಕಾಲು ಜೋಡಿ, ಹನ್ನೆರಡರಲ್ಲಿ ಮತ್ತೆ, ಯಾರು ಎಣಿಸಿದ್ದರು ಆಗ? ಅವಳು ಮೊದಲೇ ತಲುಪಿ ಕಾಲಿನ ಹೆಬ್ಬೆರಳೆತ್ತಿ ಕಾಯುತ್ತಾಳೆ, ಬಾರೋ, ಬಾರೋ, ನಾನು ಬಂದ ಕೂಡಲೇ ಇಬ್ಬರೂ ಸೇರಿ ಧಡ್ ಎಂದು ತುಳಿಯುವುದು, ಕೆಳಗಿನಿಂದ ಅಮ್ಮ, ಏನ್ರೋ ಅದು, ಜಗಳಾನಾ — ಅಕ್ಕ ಈಗ ತಿರುಗಿ ನೋಡುವುದಿಲ್ಲ, ನೋಡಿದರೆ ಅವಳ ಲೆಕ್ಕವೂ ಹೋದೀತು, ಆದರೆ ಕಾಲುಚೀಲದ ತೂತಿನಾಚೆ ಹೆಬ್ಬೆರಳು ತಾಳ ಬಿಟ್ಟಿದೆ, ಮೇಲೆದ್ದಿದೆ, ಕಾಯುತ್ತಿದೆ, ಬಂದೆ ಅಕ್ಕ, ಹದಿನೈದು, ಹದಿನಾರು, ಹದಿನೇಳು, ಹೆಬ್ಬೆರಳು —

ಒಂದೇ ಪೆಟ್ಟು ಬಿತ್ತು. ಹಾಡು ಉಳಿಯಿತು. ಕಾಲುಚೀಲದ ತೂತು ದೊಡ್ಡದಾಗಿದೆ.